ಪೊಗದಿಯ ಲೆಕ್ಕ, ಸಿಲ್ಲೇದಾರನ ಸಂಬಳ: ತುಮಕೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನವನ್ನು ಕುರಿತು ಬಂದಿರುವ ಗ್ರಂಥಗಳಲ್ಲಿ ಏಳು ಲಕ್ಷ ಸ್ಟಾರ್ ಪಗೋಡ ಎಂಬ ಮೊತ್ತ ತಪ್ಪದೆ ಉಲ್ಲೇಖಗೊಳ್ಳುತ್ತದೆ. 1799ರ ಜುಲೈ 8ರಂದು ಶ್ರೀರಂಗಪಟ್ಟಣದಲ್ಲಿ ಆದ ಸಹಾಯಕ ಸೈನ್ಯದ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಯ ಪಡೆಯ ವೆಚ್ಚಕ್ಕಾಗಿ ಮೈಸೂರು ಸರ್ಕಾರ ಪ್ರತಿವರ್ಷ ಸಲ್ಲಿಸಬೇಕಾಗಿದ್ದ ಪೊಗದಿ ಇದು; ರೂಪಾಯಿಯ ಲೆಕ್ಕದಲ್ಲಿ 24.5 ಲಕ್ಷ. ಸಂಖ್ಯೆಯನ್ನು ಹೇಳಿ ಮುಗಿಸಿದ ಕೂಡಲೇ ಬಹುತೇಕ ಲೇಖಕರು ಅರಮನೆಯ ಕಡೆಗೋ ರೆಸಿಡೆನ್ಸಿಯ ಕಡೆಗೋ ಹೊರಟುಬಿಡುತ್ತಾರೆ. ಆ ಹಣ ವರ್ಷದ ಯಾವ ಕಾಲದಲ್ಲಿ, ಯಾವ ಬೆಳೆಯಿಂದ, ಯಾರ ಕೈ ದಾಟಿ ಬೊಕ್ಕಸ ಸೇರುತ್ತಿತ್ತು, ಅದೇ ಬೊಕ್ಕಸವನ್ನು ನಂಬಿಕೊಂಡಿದ್ದ ಮೈಸೂರಿನ ಸ್ವಂತ ಸವಾರರ ಗತಿ ಏನಾಯಿತು ಎಂಬ ಪ್ರಶ್ನೆಗಳು ಅಧ್ಯಾಯದ ಅಂಚಿನಲ್ಲೇ ಉಳಿದಿವೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಪ್ರಶ್ನೆಗಳು ಮುನ್ನೆಲೆಗೆ ಬರುತ್ತವೆ. ಗುಬ್ಬಿಯ ಸಂತೆ ಹಣದ ದಾರಿಯನ್ನು ತೋರಿಸುತ್ತದೆ. ಕುಣಿಗಲ್ಲಿನ ಲಾಯ ಕುದುರೆಯ ದಾರಿಯನ್ನು. ಸುತ್ತಲಿನ ಕಾವಲುಗಳು ಎತ್ತಿನ ದಾರಿಯನ್ನು.

ಮೊದಲು ಒಪ್ಪಂದದ ಕಲಮುಗಳನ್ನೇ ಗಮನಿಸಬೇಕು. ಪೊಗದಿ ವಾರ್ಷಿಕವೆಂದು ಹೇಳಲಾಗಿದ್ದರೂ ಅದನ್ನು ಹನ್ನೆರಡು ಸಮಕಂತುಗಳಲ್ಲಿ, ತಿಂಗಳು ತಿಂಗಳೂ ಕಟ್ಟಬೇಕಾಗಿತ್ತು. ಅಂದರೆ ತಿಂಗಳಿಗೆ 58 ಸಾವಿರಕ್ಕೂ ಮೀರಿದ ಪಗೋಡಗಳು, ಎರಡು ಲಕ್ಷ ರೂಪಾಯಿಗೂ ಅಧಿಕ. ನಾಲ್ಕು ಮತ್ತು ಐದನೆಯ ಕಲಮುಗಳು ಇದಕ್ಕೆ ಬಿಗಿದ ಹಗ್ಗ. ಈ ಹಣಕ್ಕೆ ಕೊರತೆ ಬರುವ ಶಂಕೆ ಉಂಟಾದರೂ ಸಾಕು, ಗವರ್ನರ್ ಜನರಲ್ ಸಂಸ್ಥಾನದ ಕಂದಾಯ ವ್ಯವಸ್ಥೆಯಲ್ಲಿ ಕೈಹಾಕಬಹುದು, ಪ್ರದೇಶವನ್ನೇ ನೇರವಾಗಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಬಾಕಿ ಬೀಳಬೇಕೆಂದೇನೂ ಇಲ್ಲ. ಬಿದ್ದೀತೆಂಬ ಅನುಮಾನವೇ ಸಾಕಾಗಿತ್ತು. ಸಾಲಕೊಟ್ಟ ಸಾಹುಕಾರನೂ ಬರೆಸಿಕೊಳ್ಳಲು ಹಿಂಜರಿಯುವಂಥ ಷರತ್ತು ಇದು.

ಈ ಹೊರೆ ಎಷ್ಟು ಭಾರವಾಗಿತ್ತೆಂಬುದನ್ನು ತೂಗುವಲ್ಲಿ ಎಚ್ಚರ ಬೇಕು. ವಿಭಜನೆಯ ಪಟ್ಟಿಯಲ್ಲಿ ಮೈಸೂರಿನ ಪಾಲಿಗೆ ಬಂದ ಪ್ರದೇಶದ ಹುಟ್ಟುವಳಿಯನ್ನು 13,74,076 ಕಂಠೀರಾಯ ವರಹವೆಂದು ನಮೂದಿಸಲಾಗಿದೆ. ಪೊಗದಿಯಾದರೋ ಸ್ಟಾರ್ ಪಗೋಡದಲ್ಲಿದೆ. ಕಂಠೀರಾಯ ವರಹ ಹತ್ತು ಹಣಗಳ, ಲೆಕ್ಕದಲ್ಲಷ್ಟೇ ಇದ್ದ ನಾಣ್ಯ. ಅದರ ಬೆಲೆ 2 ರೂಪಾಯಿ 14 ಆಣೆ 8 ಪೈ. ಸ್ಟಾರ್ ಪಗೋಡದ ಬೆಲೆ ಮೂರೂವರೆ ರೂಪಾಯಿ. ಎರಡನ್ನೂ ಒಂದೇ ಬಗೆಯ ವರಹವೆಂದು ಭಾವಿಸಿ ಅರ್ಧದಷ್ಟು ಆದಾಯ ಪೊಗದಿಗೆ ಹೋಗುತ್ತಿತ್ತು ಎಂದು ಬರೆಯುವುದುಂಟು. ರೂಪಾಯಿಗೆ ಪರಿವರ್ತಿಸಿದರೆ ಆದಾಯ ಸುಮಾರು 40 ಲಕ್ಷ, ಪೊಗದಿ 24.5 ಲಕ್ಷ, ನೂರಕ್ಕೆ ಅರುವತ್ತನ್ನು ಮೀರುತ್ತದೆ. ಆದರೆ ಪಟ್ಟಿಯ ಆದಾಯವೂ ಹಳೆಯ ಅಂದಾಜಿನ ಮೇಲೆ ನಿಂತದ್ದು, ಪೂರ್ಣಯ್ಯನವರ ಕಾಲದ ನಿಜವಾದ ವಸೂಲಿ ಅದಕ್ಕಿಂತ ಹೆಚ್ಚು. ಆದ್ದರಿಂದ ಅರುವತ್ತೆಂಬ ಪ್ರಮಾಣವನ್ನೂ ಇಡೀ ಶತಮಾನಕ್ಕೆ ಅನ್ವಯಿಸುವುದು ಸಲ್ಲ. ಇಲ್ಲಿ ಹೆಚ್ಚು ಮುಖ್ಯವಾದದ್ದು ಪ್ರಮಾಣಕ್ಕಿಂತ ಕಾಲ.

ಗುಬ್ಬಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ವ್ಯಾಪಾರದ ಊರಾಗಿಯೇ ಕಂಡಿದ್ದಾನೆ. ಶತಮಾನದ ಉತ್ತರಾರ್ಧದಲ್ಲಿ ಬಿ.ಎಲ್. ರೈಸ್ ಅವರ ಗೆಜೆಟಿಯರ್ ಕೂಡ ನಗರದ ಮಲೆನಾಡಿನಿಂದ ವಾಲಾಜಾಪೇಟೆಯ ಕಡೆಗೆ ಸಾಗುವ ಅಡಕೆಗೆ ಮತ್ತು ಸುತ್ತಲಿನ ಕೊಬ್ಬರಿಗೆ ಗುಬ್ಬಿ ತಂಗುದಾಣವಾಗಿತ್ತೆಂದು ದಾಖಲಿಸುತ್ತದೆ. ಅಡಕೆಯ ಕೊಯ್ಲು ಆಶ್ವಯುಜ, ಕಾರ್ತಿಕದ ಸುಮಾರಿಗೆ ಮೊದಲಾಗುತ್ತದೆ. ಬೇಯಿಸಿ, ಒಣಗಿಸಿ, ಸಂತೆಗೆ ತರುವ ಹೊತ್ತಿಗೆ ಇನ್ನೂ ಕೆಲವು ವಾರಗಳು. ರಾಗಿ ಕಣ ಸೇರುವುದು ಮಾರ್ಗಶಿರ, ಪುಷ್ಯದಲ್ಲಿ. ಹೀಗಿರುವಾಗ ಜ್ಯೇಷ್ಠ, ಆಷಾಢದಲ್ಲಿ ರೈತನ ಮನೆಯಲ್ಲಿ ಬಿತ್ತನೆಯ ಬೀಜ ಬಿಟ್ಟರೆ ಬೇರೇನು ಇರಲು ಸಾಧ್ಯ? ಕಂಪನಿಯ ಕಂತಿಗೆ ಮಾತ್ರ ಆಷಾಢವೂ ಒಂದೇ, ಪುಷ್ಯವೂ ಒಂದೇ. ಸುಗ್ಗಿ ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ. ಈ ಎರಡರ ನಡುವಣ ಕಂದರವನ್ನು ಯಾರೋ ಮುಚ್ಚಲೇಬೇಕಾಗಿತ್ತು. ಬೊಕ್ಕಸದಲ್ಲಿ ಕೂಡಿಟ್ಟ ಹಣ ಮುಚ್ಚಬಹುದು, ಬಡ್ಡಿಗೆ ಕೊಡುವ ಸಾಹುಕಾರ ಮುಚ್ಚಬಹುದು, ಇಲ್ಲವೇ ಸುಗ್ಗಿಗೆ ಮೊದಲೇ ಕಂದಾಯ ಕೇಳುವ ಅಮಲ್ದಾರ ಮುಚ್ಚಬಹುದು. 1799ರಿಂದ 1831ರವರೆಗಿನ ಮೈಸೂರಿನ ಹಣಕಾಸಿನ ಕಥೆಯನ್ನು ಮೊದಲನೆಯ ದಾರಿಯಿಂದ ಮೂರನೆಯ ದಾರಿಗೆ ಆದ ಜಾರುವಿಕೆ ಎಂದು ಓದಲು ಸಾಧ್ಯವಿದೆ. ಹಾಗೆ ಓದಿದಾಗ ದಿವಾನ್ ಪೂರ್ಣಯ್ಯನವರ ಜಿಪುಣತನ, ಮುಮ್ಮಡಿ ಕೃಷ್ಣರಾಜ ಒಡೆಯರ ಧಾರಾಳತನ ಎಂಬ ಪರಿಚಿತ ಜೋಡಿ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.

ಪೂರ್ಣಯ್ಯನವರು 1811ರ ಕೊನೆಯಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿತ್ತೆಂದು ರೈಸ್ ಹೇಳುತ್ತಾರೆ. ಈ ಮಾತನ್ನು ಒಪ್ಪಿದರೆ ಅದು ಎಂಟು ವರ್ಷಗಳ ಪೊಗದಿಗೆ ಸಮನಾಯಿತು. ಕಂತುಗಳ ನಡುವಣ ಅಂತರವನ್ನು ತುಂಬಲು ಇಷ್ಟು ದೊಡ್ಡ ನಿಧಿ ಬೇಕಿರಲಿಲ್ಲ. ಅದು ನಾಲ್ಕನೆಯ ಕಲಮಿನ ಭಯದಿಂದ ಕಟ್ಟಿದ ಕೋಟೆ ಎನ್ನಬೇಕು. ಆದರೆ ಕೋಟೆಯ ಕಲ್ಲುಗಳು ಎಲ್ಲಿಂದ ಬಂದವು? ಹನ್ನೆರಡು ವರ್ಷ ರೈತರಿಂದ, ವರ್ತಕರಿಂದ ಪಡೆದ ಹಣ ಸಂತೆಗೆ ಮರಳದೆ ಬೊಕ್ಕಸದಲ್ಲಿ ಕುಳಿತಿತು. ಮಾರ್ಕ್ ವಿಲ್ಕ್ಸ್ 1805ರಲ್ಲಿ ಮೈಸೂರಿನ ಆಡಳಿತದ ಬಗ್ಗೆ ಬರೆದ ವರದಿ ಈ ಅವಧಿಗೆ ಇಂದಿಗೂ ಮುಖ್ಯ ಆಕರ. ಆದಾಯ, ವೆಚ್ಚ, ಸೈನ್ಯದ ಸಿಬ್ಬಂದಿಯನ್ನು ಅದು ಶ್ರದ್ಧೆಯಿಂದ ವಿವರಿಸುತ್ತದೆ. ಆದರೂ ವಿಲ್ಕ್ಸ್ ಆಗ ರೆಸಿಡೆಂಟನ ಸ್ಥಾನದಲ್ಲಿದ್ದವನು, ಸಾಲಗಾರನ ಮನೆಯ ಲೆಕ್ಕವನ್ನು ಸಾಲಿಗನ ಗುಮಾಸ್ತ ಬರೆದಂತೆ ಅವನ ಬರವಣಿಗೆ. ಕಂತು ತಪ್ಪದೆ ಬರುತ್ತಿದ್ದುದರಿಂದ ಅವನಿಗೆ ಆಡಳಿತವೆಲ್ಲ ಚೆನ್ನಾಗಿಯೇ ಕಂಡಿತು. ಅನಂತರದ ಇತಿಹಾಸಕಾರರು ವಿಲ್ಕ್ಸನ ಮೆಚ್ಚುಗೆಯನ್ನು ಎರವಲು ಪಡೆದರು, ಅದರ ಕಾರಣವನ್ನು ಪರೀಕ್ಷಿಸಲಿಲ್ಲ.

ಇನ್ನು ಮೈಸೂರಿನ ಸ್ವಂತ ಸವಾರರ ವಿಚಾರ. ಸಿಲ್ಲೇದಾರನೆಂದರೆ ತನ್ನ ಕುದುರೆ, ತನ್ನ ಆಯುಧಗಳೊಡನೆ ಚಾಕರಿಗೆ ಬರುವವನು. ಸರ್ಕಾರದ ಅಥವಾ ಇನ್ನೊಬ್ಬರ ಕುದುರೆಯನ್ನೇರುವವನು ಬಾರ್ಗೀರ. ಸಿಲ್ಲೇದಾರನ ಸಂಬಳದಲ್ಲಿ ಅವನ ಅನ್ನವೂ ಕುದುರೆಯ ಹುಲ್ಲು, ಹುರುಳಿಯೂ ಸೇರಿರುತ್ತವೆ. ಸಂಬಳ ಎರಡು ತಿಂಗಳು ತಡವಾದರೆ ಕಾಲಾಳು ಉಪವಾಸ ಬೀಳುತ್ತಾನೆ; ಸಿಲ್ಲೇದಾರನ ಕುದುರೆ ಬಡಕಲಾಗುತ್ತದೆ, ಮುಸ್ತರಿನ ದಿನ ತೇರ್ಗಡೆಯಾಗುವುದಿಲ್ಲ, ಅವನ ಬಂಡವಾಳವೇ ಮುಳುಗುತ್ತದೆ. 1803ರ ಮರಾಠ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆಗೆ ಮೈಸೂರಿನ ಸವಾರರು ದುಡಿದರು. ಇವರ ಉಪಯೋಗವನ್ನು ಕಂಡುಕೊಂಡ ಕಂಪನಿ 1807ರಲ್ಲಿ ಪೂರಕ ಒಪ್ಪಂದವೊಂದನ್ನು ಮಾಡಿಕೊಂಡಿತು. ಯುದ್ಧಕಾಲದಲ್ಲಿ ಮೈಸೂರು ಕೊಡಬೇಕಾಗಿದ್ದ ಹೆಚ್ಚುವರಿ ಹಣದ ಬದಲಿಗೆ 4000 ಸವಾರರನ್ನು ಸದಾ ಸಿದ್ಧವಾಗಿಡಬೇಕೆಂಬುದು ಅದರ ಸಾರ. 1817ರ ಡಿಸೆಂಬರ್ 21ರ ಮಹೀದ್‌ಪುರದ ಕಾಳಗದಲ್ಲಿ ಈ ಸಿಲ್ಲೇದಾರರು ಹೋಳ್ಕರನ ಸೈನ್ಯದ ವಿರುದ್ಧ ಹೋರಾಡಿದರು. ಒಂದೇ ಬೊಕ್ಕಸ ಹೀಗೆ ಎರಡು ಸೈನ್ಯಗಳನ್ನು ಸಾಕತೊಡಗಿತು: ಪೊಗದಿಯಿಂದ ಕಂಪನಿಯ ಪಡೆಯನ್ನು, ಸಂಬಳದಿಂದ ತನ್ನ ಸವಾರರನ್ನು. ಮೊದಲನೆಯದು ತಪ್ಪಿದರೆ ರಾಜ್ಯ ಹೋಗುತ್ತದೆಂದು ಒಪ್ಪಂದ ಹೇಳಿತ್ತು. ಎರಡನೆಯದು ತಪ್ಪಿದರೆ ಏನಾಗುತ್ತದೆಂದು ಯಾವ ಕಲಮೂ ಹೇಳಿರಲಿಲ್ಲ.

ಕುಣಿಗಲ್ಲಿನ ಮಹತ್ವ ಇಲ್ಲಿಯೇ. ಈ ಊರಿನ ಕೆರೆ ಜನಪದ ಗೀತೆಯಿಂದಾಗಿ ನಾಡಿಗೆಲ್ಲ ಪರಿಚಿತ. ಲಾಯದ ಬಗ್ಗೆ ಅಂಥ ಹಾಡು ಹುಟ್ಟಲಿಲ್ಲ. ಹೈದರ್, ಟಿಪ್ಪು ಕಾಲದ ಅಶ್ವಪಾಲನೆಯ ಪರಂಪರೆಗೆ ಸೇರಿದ ಇಲ್ಲಿನ ಸಾಕಣೆ ಕೇಂದ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಸಿಲ್ಲೇದಾರ್ ದಳಗಳಿಗೆ ಕುದುರೆ ಒದಗಿಸುವುದಕ್ಕಾಗಿ ನಡೆಯಿತು. ಸುತ್ತಣ ನೆಲ ಬಹುಪಾಲು ಬೆದ್ದಲು. ರಾಗಿಯ ಬೆನ್ನಿಗೆ ಹುರುಳಿ ಬೆಳೆಯುವ ಭೂಮಿ. ಹುಲ್ಲು, ಹುರುಳಿ ಎರಡೂ ಕೈಗೆ ಹತ್ತಿರವಿದ್ದುದು ಲಾಯಕ್ಕೆ ಅನುಕೂಲವಾಗಿಯೇ ಇದ್ದಿರಬೇಕು. ಆದರೆ ಸೈನ್ಯದ ಇತಿಹಾಸವನ್ನು ಬರೆಯುವವರು ಕುದುರೆಯನ್ನು ರಣರಂಗದಲ್ಲಿ ಮಾತ್ರ ಕಾಣುತ್ತಾರೆ, ಕೃಷಿಯ ಇತಿಹಾಸ ಬರೆಯುವವರು ಹುರುಳಿಯನ್ನು ಹೊಲದಲ್ಲಿ ಮಾತ್ರ. ಇವೆರಡರ ನಡುವೆ ಇದ್ದ ಗೋಣಿಚೀಲದ ವಿಚಾರ ಎರಡೂ ಕಡೆಯವರ ಗಮನಕ್ಕೆ ಬಂದಿಲ್ಲ.

ಪೂರ್ಣಯ್ಯನವರ ನಿಧಿ ಕರಗಿದ ಮೇಲೆ ಕಂದರವನ್ನು ಮುಚ್ಚುವ ಹೊಣೆ ಷರ್ತಿನ ಮೇಲೆ ಬಿತ್ತು. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ವಸೂಲು ಮಾಡಿಕೊಡುವುದಾಗಿ ಮಾತು ಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಹೆಚ್ಚು ಬಂದರೆ ಅದೂ ಸರ್ಕಾರಕ್ಕೆ. ಇದು ಷರ್ತು ಪದ್ಧತಿ. ಇಂಥ ಅಮಲ್ದಾರನಿಗೆ ಸುಗ್ಗಿಯವರೆಗೆ ಕಾಯುವ ಸಹನೆ ಎಲ್ಲಿಂದ ಬರಬೇಕು? ಕಂಪನಿಗೆ ಅರಮನೆ ಕೊಟ್ಟ ಮಾತನ್ನೇ ಅರಮನೆಗೆ ಅಮಲ್ದಾರ ಕೊಡುತ್ತಾನೆ. ಅಮಲ್ದಾರನಿಗೆ ಪಟೇಲ, ಪಟೇಲನಿಗೆ ರೈತ. ಒಪ್ಪಂದದ ಭಾಷೆ ಮೆಟ್ಟಿಲಿಳಿದು ಹಳ್ಳಿಯ ಚಾವಡಿಗೆ ಬಂದಂತಾಯಿತು. ಈ ಸಾದೃಶ್ಯವನ್ನು ಷರ್ತನ್ನು ಖಂಡಿಸಿದ ಬ್ರಿಟಿಷ್ ಅಧಿಕಾರಿಗಳು ಗುರುತಿಸದಿದ್ದುದು ಆಶ್ಚರ್ಯವಲ್ಲ. ಕನ್ನಡದ ಸಂಶೋಧನೆಯೂ ಗುರುತಿಸದೆ ಹೋದದ್ದು ಮಾತ್ರ ವಿಷಾದದ ಸಂಗತಿ.

1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮುನ್ರೋ ಮೈಸೂರಿಗೆ ಬಂದು ಮಹಾರಾಜರಿಗೆ ಹಣಕಾಸಿನ ಬಗ್ಗೆ ಎಚ್ಚರಿಕೆ ಹೇಳಿದ. 1830ರ ವೇಳೆಗೆ ನಗರದಲ್ಲಿ ರೈತರ ದಂಗೆ ಎದ್ದಿತು. ಸೈನ್ಯದ ಸಂಬಳ ಬಾಕಿ ಬಿದ್ದಿತ್ತು. 1831ರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಒಪ್ಪಂದದ ಕಲಮನ್ನು ಮುಂದೊಡ್ಡಿ ಆಡಳಿತವನ್ನು ಕೈಗೆತ್ತಿಕೊಂಡ. ದಂಗೆಯ ಮೂಲ, ಬೆಳವಣಿಗೆ, ಉಪಶಮನಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಇವರಿದ್ದ ಸಮಿತಿ ನೇಮಕವಾಗಿ 1833ರಲ್ಲಿ ವರದಿ ಸಲ್ಲಿಸಿತು. ಆಡಳಿತದ ದೋಷಗಳನ್ನು ಈ ವರದಿ ಒಂದೊಂದಾಗಿ ಎಣಿಸುತ್ತದೆ, ಅವುಗಳಲ್ಲಿ ಬಹಳಷ್ಟು ನಿಜವೂ ಹೌದು. ಅಧಿಕಾರಿಗಳ ಲೂಟಿಯನ್ನು ಪೊಗದಿಯ ಹೆಸರಿನಲ್ಲಿ ಮನ್ನಿಸಲಾಗದು. ಅರಮನೆಯ ದೃಷ್ಟಿಯಿಂದ ರಚಿತವಾದ, 1916 ಮತ್ತು 1922ರಲ್ಲಿ ಪ್ರಕಟವಾದ ‘ಶ್ರೀಮನ್ಮಹಾರಾಜರವರ ವಂಶಾವಳಿ’ಯಾಗಲಿ, ಮಹಾರಾಜರ ಪಕ್ಷಕ್ಕೆ ಸಹಾನುಭೂತಿ ತೋರುವ 1936ರ ಎಂ. ಶಾಮರಾವ್ ಅವರ ಗ್ರಂಥವಾಗಲಿ ಈ ದೋಷಗಳನ್ನು ಪೂರ್ತಿ ತೊಳೆಯಲಾರವು. ಆದರೆ ಪ್ರಶ್ನೆ ಇರುವುದು ಬೇರೆಡೆ. 1834ರಲ್ಲಿ ಬೆಂಟಿಂಕನೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಂತೆ, ಪೊಗದಿ ಆಗ ತಕ್ಷಣದ ಅಪಾಯದಲ್ಲಿರಲಿಲ್ಲ. ದುರಾಡಳಿತದ ಕಾರಣಕ್ಕಾಗಿ ರಾಜ್ಯವನ್ನು ತೆಗೆದುಕೊಂಡು, ಪೊಗದಿಯ ಕಲಮನ್ನು ಆಧಾರವಾಗಿ ತೋರಿಸಲಾಯಿತು. ಮೈಸೂರಿನ ಸವಾರ ಸಂಬಳಕ್ಕೆ ಕಾಯುತ್ತಿದ್ದಾಗ ಕಂಪನಿಯ ಸಿಪಾಯಿಯ ಪಾಲಿನ ಹಣಕ್ಕೆ ಅಂಥ ಕುತ್ತು ಬಂದಿರಲಿಲ್ಲವೆಂಬುದು ಇದರಿಂದ ವೇದ್ಯ. ಸಂಬಳದ ಬಾಕಿಯನ್ನು ಮಹಾರಾಜರ ದುಂದಿಗೆ ಸಾಕ್ಷಿಯಾಗಿ ಬಳಸಿದವರು, ಆ ಬಾಕಿಯ ಮೇಲೆಯೇ ಕಂಪನಿಯ ಕಂತಿನ ನಿಯತತೆ ನಿಂತಿತ್ತೇ ಎಂದು ಕೇಳಲಿಲ್ಲ.

ನಗದಿನಲ್ಲಿ ಕಾಣದ ಇನ್ನೊಂದು ವೆಚ್ಚವೂ ಇತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು ಫಿರಂಗಿ, ಮದ್ದುಗುಂಡು, ದವಸಗಳನ್ನು ಎಳೆಯುವ ಎತ್ತುಗಳ ಇಲಾಖೆಯಾಯಿತು. 1813ರಲ್ಲಿ ಅದರ ಮೇಲ್ವಿಚಾರಣೆ ಮದರಾಸಿನ ಸೈನ್ಯದ ಸರಬರಾಜು ಇಲಾಖೆಯ ಅಧಿಕಾರಿಗೆ ಹೋಯಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕಟ್ಟಬೇಕಾಯಿತು. ಈ ಹಿಂಡುಗಳಿಗೆ ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಬೇಸಗೆಯ ಕಾವಲುಗಳಿಗೆ ನೆರಳೂ ಕೆರೆಯಂಗಳದ ನೀರೂ ಇರುವ ಜಾಗಗಳನ್ನೇ ಆರಿಸಲಾಗುತ್ತಿತ್ತು. ಹಳ್ಳಿಯ ದನಗಳಿಗೂ ಅದೇ ಕಾಲದಲ್ಲಿ ಅದೇ ನೀರು ಬೇಕಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಕಾವಲಿನ ಹುಲ್ಲಿಗೆ ಬೊಕ್ಕಸದ ಪುಸ್ತಕದಲ್ಲಿ ಬೆಲೆ ಇರದಿರಬಹುದು, ಅದನ್ನು ಬಿಟ್ಟುಕೊಟ್ಟ ಊರಿಗೆ ಇತ್ತು. ಸೈನ್ಯದ ವೆಚ್ಚವನ್ನು ರೂಪಾಯಿಯಲ್ಲಿ ಮಾತ್ರ ಎಣಿಸುವ ಅಧ್ಯಯನಗಳು, ಅವು ಎಷ್ಟೇ ರಾಷ್ಟ್ರೀಯವಾದಿ ಆಗಿರಲಿ, ಈ ಕಂದಾಯವನ್ನು ಕೈಬಿಡುತ್ತವೆ.

ಕಮಿಷನರ್ ಆಡಳಿತದಲ್ಲಿ ತುಮಕೂರಿನ ಸ್ಥಾನ ಬದಲಾಯಿತು. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನ ಕೇಂದ್ರ ತುಮಕೂರಿಗೆ ಬಂದು, ಆರ್.ಎಸ್. ಡಾಬ್ಸ್ ಬಹುಕಾಲ ಇಲ್ಲಿ ನೆಲೆಸಿದ. ಮಾರ್ಕ್ ಕಬ್ಬನ್ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದ್ದು ಪ್ರಸಿದ್ಧ. ಇದಕ್ಕಿಂತ ಕಡಿಮೆ ಪ್ರಸಿದ್ಧವಾದ, ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಕ್ರಮವೆಂದರೆ ಕಂದಾಯದ ಕಿಸ್ತುಗಳನ್ನು ಸುಗ್ಗಿಗೆ ಹೊಂದುವಂತೆ ಮಾಡಿದ್ದು. ರೈತ ಬೆಳೆ ಮಾರಿದ ಮೇಲೆ ಹಣ ಕಟ್ಟಲು ಅವಕಾಶವಾಯಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಾವತಿ ಮಾಡುವವನೂ ಪಡೆಯುವವನೂ ಈಗ ಒಂದೇ ಸರ್ಕಾರದವರು. ಅರಮನೆಗೆ ದೊರೆಯದ ಸಾವಕಾಶ ಕಮಿಷನರಿಗೆ ದೊರೆಯಿತೆಂಬುದನ್ನು ಮರೆತು ಕಬ್ಬನ್ನನ ದಕ್ಷತೆಯನ್ನೂ ಮುಮ್ಮಡಿಯವರ ಅದಕ್ಷತೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ನ್ಯಾಯವೆನಿಸದು.

1881ರಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಎರಡು ಸೈನ್ಯಗಳ ಲೆಕ್ಕವೂ ಒಂದೇ ಸಾಲಿನಲ್ಲಿ ಬಂದು ಸೇರಿತು. ಬ್ರಿಟಿಷ್ ಸೈನ್ಯದೊಡನೆ ದುಡಿಯಲು ಪಡೆಯನ್ನು ಸಿದ್ಧವಾಗಿಡುವ ಹಳೆಯ ಹೊಣೆಯಿಂದ ಮಹಾರಾಜರನ್ನು ಬಿಡುಗಡೆ ಮಾಡುವುದಾಗಿ ಹೇಳಿ, ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಯಿತು. ಅಂದರೆ 1807ರಲ್ಲಿ ಹಣವನ್ನು ಕುದುರೆಯಾಗಿ ಮಾರ್ಪಡಿಸಿದ್ದವರು 1881ರಲ್ಲಿ ಕುದುರೆಯನ್ನು ಹಣವಾಗಿ ಮಾರ್ಪಡಿಸಿದರು. ಹೆಚ್ಚಿನ ಹತ್ತೂವರೆ ಲಕ್ಷ ಕೂಡಲೇ ವಸೂಲಾಗಲಿಲ್ಲ. 1876–78ರ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ತುಮಕೂರು ಸೀಮೆಯನ್ನೂ ತೀವ್ರವಾಗಿ ಬಾಧಿಸಿ, ಸಂಸ್ಥಾನವನ್ನು 80 ಲಕ್ಷ ರೂಪಾಯಿಗಳ ಸಾಲದಲ್ಲಿ ನಿಲ್ಲಿಸಿತ್ತು. ಮೊದಲು ಐದು ವರ್ಷ, ಮತ್ತೆ ಹತ್ತು ವರ್ಷ ಮುಂದೂಡಿ 1896ರಿಂದ ಪೂರ್ಣ ಮೊತ್ತ ಸಲ್ಲತೊಡಗಿತು. 1927ರಲ್ಲಿ ವೈಸರಾಯ್ ಇರ್ವಿನ್ ಈ ಹೆಚ್ಚಳವನ್ನು ಮನ್ನಾ ಮಾಡುವುದಾಗಿ ಸಾರಿದಾಗ ಅದು ಔದಾರ್ಯವೆಂದು ಕೊಂಡಾಡಲ್ಪಟ್ಟಿತು, ಮೂಲದ 24.5 ಲಕ್ಷ ಮಾತ್ರ ಹಾಗೆಯೇ ಉಳಿಯಿತು. ಬ್ಯೋರ್ನ್ ಹೆಟ್ನೆ 1978ರಲ್ಲಿ ಪ್ರಕಟಿಸಿದ, ಮೈಸೂರಿನ ಪರೋಕ್ಷ ಆಳ್ವಿಕೆಯ ಅರ್ಥಶಾಸ್ತ್ರವನ್ನು ಕುರಿತ ಗ್ರಂಥ ಪೊಗದಿಯನ್ನು ಸಾಮ್ರಾಜ್ಯದ ರಚನೆಯೊಳಗೆ ಇಟ್ಟು ನೋಡಿ ಉಪಕಾರ ಮಾಡಿದೆ. ಅದರ ನೋಟ ಮಾತ್ರ 1881ರಿಂದ ಮುಂದಕ್ಕೆ, ಮತ್ತು ಬೆಂಗಳೂರಿನಿಂದ ಮೇಲಕ್ಕೆ.

1969ರಲ್ಲಿ ಹೊರಬಂದ ತುಮಕೂರು ಜಿಲ್ಲಾ ಗೆಜೆಟಿಯರ್ ಈ ಸೀಮೆಯ ಅಭ್ಯಾಸಿಗಳಿಗೆ ಅನಿವಾರ್ಯವಾದ ಕೃತಿ. ಗೆಜೆಟಿಯರುಗಳ ಚೌಕಟ್ಟಿಗನುಸಾರವಾಗಿ ಅದರಲ್ಲಿ ಇತಿಹಾಸಕ್ಕೆ ಒಂದು ಅಧ್ಯಾಯ, ಕೃಷಿ ಮತ್ತು ಪಶುಪಾಲನೆಗೆ ಇನ್ನೊಂದು, ಕಂದಾಯಾಡಳಿತಕ್ಕೆ ಮತ್ತೊಂದು. ಗುಬ್ಬಿಯ ಅಡಕೆ, ಕುಣಿಗಲ್ಲಿನ ಕುದುರೆ, ಕಾವಲಿನ ಎತ್ತು ಹೀಗೆ ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿಹೋಗಿ ಒಂದನ್ನೊಂದು ಭೇಟಿಯಾಗುವುದಿಲ್ಲ. ಅವು ಒಂದೇ ವೆಚ್ಚದ ಮೂರು ಬಾಬುಗಳಾಗಿದ್ದವೆಂಬುದು ಓದುಗನಿಗೆ ಹೊಳೆಯಬೇಕಾದರೆ ಪುಟಗಳನ್ನು ಹಿಂದೆಮುಂದೆ ತಿರುವಬೇಕು.

ನೆಲದ ಮೇಲೆ ಈ ಬಾಬುಗಳ ಗುರುತು ಇನ್ನೂ ಅಳಿಸಿಲ್ಲ. ಕುಣಿಗಲ್ಲಿನ ಅಶ್ವಪಾಲನಾ ಕೇಂದ್ರ 1992ರಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಯಾಗಿ, ದಂಡಿನ ಕುದುರೆ ಬೆಳೆದ ಲಾಯಗಳಲ್ಲಿ ಜೂಜಿನ ಕುದುರೆ ಬೆಳೆಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಸೈನ್ಯಕ್ಕೆ ಬೇಕಾದ ಲಘು ಹೆಲಿಕಾಪ್ಟರುಗಳನ್ನು ಅಲ್ಲಿ ಕಟ್ಟಲಾಗುತ್ತದೆ. ಆ ಜಾಗದ ಹೆಸರಿನಲ್ಲಿ ಕಾವಲು ಎಂಬ ಮಾತು ಹಾಗೆಯೇ ಉಳಿದಿದೆ.